ಶಂಶಾಬಾದಿನಲ್ಲಿ ಎರಡು ಸಲ ಇಳಿಯಿರಿ

ಬೀದರ್, ಕಲಬುರಗಿ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಹೈದರಾಬಾದು ಶುರುವಾಗುವುದೇ ಲಿಂಗಂಪಲ್ಲಿಯಲ್ಲಿ. ಇಲ್ಲಿನ ಕನ್ನಡ ಮನೆಯೊಂದರಲ್ಲಿ ಪೈಲಟ್ ಆಗುವ ಕನಸಿನ ಮಗನೋ ಮಗಳೋ ಇದ್ದು, ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಕೂಡ ಇದ್ದರೆ, ಅವರಿಗೆ ಹೇಳಿ ಮಾಡಿಸಿದ ಕೆಲಸವೊಂದಿದೆ. ಬೆಂಗಳೂರಿನಿಂದ ಬರುವಾಗ ವಿಮಾನದ ಕಿಟಕಿಯಿಂದ ತೆಗೆದ ವಿಡಿಯೊವನ್ನೂ ಸಿಮ್ಯುಲೇಟರಿನಲ್ಲಿ ಹಾರಿಸಿದ ಅದೇ ಇಳಿತವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. "ಥೇಟ್ ನಿಜದ ಹಾಗೇ ಇದೆ" ಎಂದು ಬೆರಗಾಗಲು ಇಷ್ಟು ಶ್ರಮ ಬೇಡ. ಸಮಯ, ಗಾಳಿ, ಲೆನ್ಸು ಎಲ್ಲವನ್ನೂ ಸಮ ಮಾಡಿದ ಮೇಲೂ ಯಾವ ವ್ಯತ್ಯಾಸ ಉಳಿಯುತ್ತದೋ, ಕಲಿಯುವುದು ಅದರಿಂದ.

1. ನಿಜದ ವಿಡಿಯೊ ಮೊದಲು, ಸಿಮ್ಯುಲೇಟರ್ ಆಮೇಲೆ. ರೆಕ್ಕೆಯ ಹಿಂದಿನ ಕಿಟಕಿ ಸೀಟು ಹಿಡಿಯಿರಿ. ವಿಮಾನದ ಮಾದರಿ, ದಿನಾಂಕ, ನೆಲ ಮುಟ್ಟಿದ ಗಂಟೆ-ನಿಮಿಷ, ಇಳಿದ ರನ್‌ವೇ ಎಲ್ಲ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ನೆನಪಿನಿಂದ ಬರೆದದ್ದು ಕೆಲಸಕ್ಕೆ ಬಾರದು.

2. ಕಾನೂನು ತಿಳಿದಿರಲಿ. 1937ರ ವಿಮಾನ ನಿಯಮಗಳ 13ನೇ ನಿಯಮ ಹಾರಾಟದಲ್ಲಿ ಚಿತ್ರ ತೆಗೆಯುವುದನ್ನು ನಿರ್ಬಂಧಿಸುತ್ತದೆ. ಆದರೆ ಪ್ರಯಾಣಿಕರು ತಮ್ಮ ಸೀಟಿನಿಂದ ಫೋಟೊ, ವಿಡಿಯೊ ತೆಗೆಯಬಹುದು, ಸುರಕ್ಷತೆಗೆ ಅಡ್ಡಿಯಾಗಬಾರದು, ಸಿಬ್ಬಂದಿ ಬೇಡವೆಂದರೆ ನಿಲ್ಲಿಸಬೇಕು ಎಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2020ರಲ್ಲಿ ಸ್ಪಷ್ಟಪಡಿಸಿತು. ಬೀದರಿನ ಮಾತು ಬೇರೆ. ಅದು ವಾಯುಪಡೆಯ ನೆಲೆ, ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ.

3. ಅದೇ ಗಳಿಗೆಯ ಹವೆಯನ್ನು ತುಂಬಿ. ವಿಮಾನ ನಿಲ್ದಾಣದ ಹವಾ ವರದಿಗೆ ಮೆಟಾರ್ ಎನ್ನುತ್ತಾರೆ. ಹೈದರಾಬಾದಿನ ಶಂಶಾಬಾದ್ ನಿಲ್ದಾಣದ ಸಂಕೇತ ವಿಓಎಚ್‌ಎಸ್. ವರದಿ ಅರ್ಧ ಗಂಟೆಗೊಮ್ಮೆ ಬರುತ್ತದೆ. ಅದರ ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮ ಬೆಳಗಿನ 7 ಗಂಟೆ ಅಲ್ಲಿ 1.30. ಈ ಐದೂವರೆ ಗಂಟೆ ಮರೆತರೆ ನೆರಳುಗಳೇ ದಿಕ್ಕು ತಪ್ಪುತ್ತವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ ಬಂದಿಳಿಯುತ್ತವೆ. ಚಳಿಗಾಲದಲ್ಲಿ ಹೆಚ್ಚಾಗಿ ಇದರ ತಿರುವುಮುರುವು.

4. ಎರಡೂ ಕಣ್ಣು ಒಂದೇ ಆಗಲಿ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡಕ್ಕೆ ಸುಮಾರು 60ರಿಂದ 70 ಡಿಗ್ರಿ ನೋಡುತ್ತದೆ. ಸಿಮ್ಯುಲೇಟರಿನ ನೋಟ ಅದಕ್ಕಿಂತ ಅಗಲವಾಗಿದ್ದರೆ ರನ್‌ವೇ ದೂರ ಕಾಣುತ್ತದೆ. ರೆಕ್ಕೆ ತುದಿ ಎರಡೂ ಚಿತ್ರದಲ್ಲಿ ಒಂದೇ ಜಾಗಕ್ಕೆ ಬರುವವರೆಗೆ ಜೂಮ್ ಹೊಂದಿಸಿ. ಎಟಿಆರ್ ವಿಮಾನದ ಆರು ಎಲೆಯ ಪ್ರೊಪೆಲ್ಲರು ಫೋನಿನಲ್ಲಿ ಬಾಗಿದಂತೆ ಕಂಡರೆ ಅದು ಕ್ಯಾಮೆರಾದ ದೋಷ, ಸಿಮ್ಯುಲೇಟರನ್ನು ದೂರಬೇಡಿ.

5. ಜೋಡಿಸಲು ಒಂದೇ ಕ್ಷಣ ಸಾಕು: ಜೆಟ್ ವಿಮಾನದ ಚಕ್ರ ನೆಲ ಮುಟ್ಟಿದೊಡನೆ ರೆಕ್ಕೆ ಮೇಲಿನ ಸ್ಪಾಯ್ಲರುಗಳು ಎದ್ದು ನಿಲ್ಲುವ ಕ್ಷಣ. ಅಲ್ಲಿಂದ ಹಿಂದಕ್ಕೆ ನೋಡುತ್ತಾ ಹೋಗಿ.

6. ಅಂಕಿಗಳನ್ನು ಅರ್ಥ ಮಾಡಿಕೊಂಡೇ ಹೋಲಿಸಿ. ಹೆಚ್ಚು ಜನ ಎಡವುವುದು ಇಲ್ಲೇ, ಹೆಚ್ಚು ಕಲಿಯುವುದೂ ಇಲ್ಲೇ. ಶಂಶಾಬಾದ್ ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿದೆ, ಹಾಗಾಗಿ ನೆಲದ ಮೇಲೆ ನಿಂತ ವಿಮಾನದ ಆಲ್ಟಿಮೀಟರೂ 2,000 ತೋರಿಸುತ್ತದೆ. ಫ್ಲೈಟ್‌ರಾಡಾರ್24 ಎಂಬ ವಿಮಾನಗಳ ಜಾಡು ಹಿಡಿಯುವ ತಾಣ ತೋರಿಸುವ ಎತ್ತರ 1013 ಹೆಕ್ಟೊಪಾಸ್ಕಲ್ ಒತ್ತಡವನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದ್ದು. ಆ ದಿನದ ಒತ್ತಡ 1005 ಇದ್ದರೆ, ಅಲ್ಲಿ ಕಾಣುವ ಎತ್ತರ ನಿಜಕ್ಕಿಂತ ಇನ್ನೂರು ಅಡಿಗೂ ಸ್ವಲ್ಪ ಹೆಚ್ಚೇ ಇರುತ್ತದೆ. ಅಲ್ಲಿನ ವೇಗವೂ ನೆಲದ ಮೇಲಿನ ವೇಗ, ಗಾಳಿಯಲ್ಲಿನ ವೇಗವಲ್ಲ.

ಬೇಸಿಗೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. 40 ಡಿಗ್ರಿ ಸೆಖೆಯಲ್ಲಿ ಶಂಶಾಬಾದಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 5,500 ಅಡಿ ಎತ್ತರದ ಗಾಳಿ. ಮೀಟರಿನಲ್ಲಿ 135 ನಾಟ್ ತೋರಿಸುವ ವಿಮಾನ ನಿಜಕ್ಕೂ 146 ನಾಟ್ ಆಸುಪಾಸಿನಲ್ಲಿ ಸಾಗುತ್ತಿರುತ್ತದೆ. ಸಿಮ್ಯುಲೇಟರಿನಲ್ಲಿ ಹದವಾದ ಹವೆ ಇಟ್ಟು ಹಾರಿಸಿ, "ನಿಜದ ವಿಮಾನ ರನ್‌ವೇ ಮೇಲೆ ಜೋರಾಗಿ ಓಡಿತಲ್ಲ" ಎಂದು ಅಚ್ಚರಿಪಟ್ಟರೆ ಕಾರಣ ಇದೇ ಇರಬಹುದು.

ಗಡಿಯಾರದಿಂದಲೂ ಒಂದು ಪರೀಕ್ಷೆ ಮಾಡಬಹುದು. ಮೂರು ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 140 ನಾಟ್ ವೇಗದಲ್ಲಿ ಬರುವ ವಿಮಾನಕ್ಕೆ ನೆಲದಿಂದ 1,000 ಅಡಿ ಎತ್ತರದಿಂದ 500ಕ್ಕೆ ಇಳಿಯಲು 40 ಸೆಕೆಂಡು ಬೇಕು. ನಿಮ್ಮ ಸಿಮ್ಯುಲೇಟರಿನ ಇಳಿತಕ್ಕೆ 25 ಸೆಕೆಂಡು ಸಾಕಾಗಿದ್ದರೆ ನೀವು ಇಳಿದಿಲ್ಲ, ಧುಮುಕಿದ್ದೀರಿ.

7. ದೃಶ್ಯಕ್ಕೆ ಮರುಳಾಗಬೇಡಿ. 2020ರ ಆಗಸ್ಟಿನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಿಂಗ್ ನಕ್ಷೆಯ ಚಿತ್ರಗಳ ಮೇಲೆ ಊರು ಕಟ್ಟುತ್ತದೆ. ಚಿತ್ರ ತೆಗೆದ ದಿನಕ್ಕೇ ಊರು ನಿಂತಿರುತ್ತದೆ. ಕೋಕಾಪೇಟೆಯ ಹೊಸ ಗೋಪುರಗಳನ್ನು ಅಲ್ಲಿ ಹುಡುಕಿ ನಿರಾಶರಾಗಬೇಡಿ. ಪಶ್ಚಿಮದಿಂದ ಇಳಿಯುವಾಗ ಎಡಗಡೆ ಕಿಟಕಿಯಿಂದ ಹಿಮಾಯತ್‌ಸಾಗರ, ಅದರಾಚೆ ಉಸ್ಮಾನ್‌ಸಾಗರ ಕಾಣುತ್ತವೆ. 1908ರ ಮೂಸಿ ಪ್ರವಾಹದ ನಂತರ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿ ರೂಪಿಸಿದ ಯೋಜನೆಯ ಫಲ ಈ ಎರಡು ಜಲಾಶಯಗಳು. ಬೇಸಿಗೆಯಲ್ಲಿ ಇವುಗಳ ದಡ ಒಳಕ್ಕೆ ಸರಿಯುತ್ತದೆ, ಸಿಮ್ಯುಲೇಟರಿನ ದಡ ಸರಿಯುವುದಿಲ್ಲ. ಕನ್ನಡದ ಮಕ್ಕಳು ಮೇಲಿನಿಂದ ಈ ನೀರನ್ನು ಗುರುತಿಸುವುದು ನನಗೆ ಬಹಳ ಇಷ್ಟದ ಸಂಗತಿ.

8. ವಿಡಿಯೊದಲ್ಲಿ ಬಾರದ್ದನ್ನು ಕಾಗದದ ಮೇಲೆ ಬರೆಯಿರಿ. ತಿರುವಿನಲ್ಲಿ ಮೈ ಭಾರವಾದದ್ದು, ಎಂಜಿನ್ ಸದ್ದು ತಗ್ಗಿದಾಗ ಹೊಟ್ಟೆಗೆ ತಿಳಿದದ್ದು. ಪೈಲಟ್ ತರಬೇತಿಯ ದೊಡ್ಡ ಸಿಮ್ಯುಲೇಟರುಗಳನ್ನು ಆರು ಕಾಲುಗಳ ಮೇಲೆ ನಿಲ್ಲಿಸಿ ಓಲಾಡಿಸುವುದು ಇದನ್ನು ಒದಗಿಸಲೆಂದೇ. ಮೇಜಿನ ಮೇಲಿನ ಪರದೆಗೆ ಆ ಶಕ್ತಿಯಿಲ್ಲ.

9. ಕೆಟ್ಟ ಇಳಿತವನ್ನು ಅಳಿಸಬೇಡಿ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ಬೋಯಿಂಗ್ 737 ತೀರಾ ಎತ್ತರದಿಂದ ಇಳಿಯಲು ಹೋಗಿ, 2,450 ಮೀಟರಿನ ರನ್‌ವೇಯಲ್ಲಿ ಸುಮಾರು ಮೂರನೇ ಎರಡು ಪಾಲಿನಷ್ಟು ಉದ್ದ ಕಳೆಯುವ ಹೊತ್ತಿಗೆ ನೆಲ ಹಿಡಿಯಿತು. ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದರೂ ಮುಖ್ಯ ಪೈಲಟ್ ಇಳಿತವನ್ನು ಕೈಬಿಡಲಿಲ್ಲ. 158 ಜೀವ ಹೋಯಿತು. ಸಿಮ್ಯುಲೇಟರಿನಲ್ಲಿ ರೀಸೆಟ್ ಗುಂಡಿ ಒತ್ತಿದರೆ ಎಲ್ಲ ಮೊದಲಿನಂತೆ. ಅದಕ್ಕೇ ಅಲ್ಲಿ ಗೋ-ಅರೌಂಡ್ ಅಭ್ಯಾಸ ಮಾಡಿ: 500 ಅಡಿಯಲ್ಲಿ ವೇಗವೋ ಇಳಿಜಾರೋ ಹದ ತಪ್ಪಿದ್ದರೆ ಮೇಲೇರಿ, ಆ ನಿರ್ಧಾರವೂ ವಿಡಿಯೊದಲ್ಲಿ ಇರಲಿ. ಅಂದವಾಗಿ ಇಳಿದದ್ದಕ್ಕಿಂತ ಸಮಯಕ್ಕೆ ಸರಿಯಾಗಿ ಮೇಲೇರಿದ್ದು ನನ್ನ ಲೆಕ್ಕದಲ್ಲಿ ಹೆಚ್ಚಿನ ಸಾಧನೆ.

10. ಪರದೆಯ ಮೂಲೆಯಲ್ಲಿ ಚೀಟಿ ಹಚ್ಚಿ: ಯಾವುದು ನಿಜ, ಯಾವುದು ಸಿಮ್ಯುಲೇಟರ್, ಅದರ ಆವೃತ್ತಿ, ಗಾಳಿ, ತಾಪಮಾನ, ಸಮಯ. ವಿಮಾನದ ತೂಕ ಅಂದಾಜಿನದಾದರೆ "ಅಂದಾಜು" ಎಂದೇ ಬರೆಯಿರಿ.