ಸಿಸ್ಟರ್ ಅಷ್ಟು ಹೊತ್ತು ಮಾತಾಡಿದ್ದೇಕೆ?

ಪ್ರಶ್ನೆ: ನಮ್ಮದು ಸೂರಗೊಂಡನಕೊಪ್ಪದ ಹತ್ತಿರದ ತಾಂಡಾ. ನಮ್ಮ ಸಂಬಂಧಿಕರೊಬ್ಬರಿಗೆ ಮಾನಸಿಕ ಕಾಯಿಲೆಗಾಗಿ ತಿಂಗಳಿಗೊಮ್ಮೆ ಇಂಜೆಕ್ಷನ್ ಹಾಕುತ್ತಾರೆ. ಅದು ಎರಡು ನಿಮಿಷದ ಕೆಲಸ. ಆದರೆ ಸಿಸ್ಟರ್ ಬಹಳ ಹೊತ್ತು ಮಾತಾಡುತ್ತಾರೆ, ನಡೆಸಿ ನೋಡುತ್ತಾರೆ, ಕೈ ಹಿಡಿದು ಮಡಚಿ ಬಿಚ್ಚುತ್ತಾರೆ. ಇದೆಲ್ಲ ಏತಕ್ಕೆ? ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ನಮ್ಮಂಥವರಿಗೆ ಈ ಚಿಕಿತ್ಸೆ ಸಾಗುತ್ತದೆಯೇ?

ಉತ್ತರ: ಬಹಳ ಜನರ ಮನಸ್ಸಿನಲ್ಲಿದ್ದೂ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯನ್ನು ತಾವು ಕೇಳಿದ್ದೀರಿ. ಇದರಲ್ಲಿ ಎರಡು ಸಂದೇಹಗಳಿವೆ. ಮನೋರೋಗದ ಶುಶ್ರೂಷೆಯಲ್ಲಿ ನರ್ಸ್ ಮಾಡುವ ಕೆಲಸ ಯಾವುದು ಎಂಬುದು ಮೊದಲನೆಯದು. ಒಂದೇ ಕಡೆ ನೆಲೆನಿಲ್ಲದ ಬದುಕಿಗೆ ಅದು ಒಗ್ಗುತ್ತದೆಯೇ ಎಂಬುದು ಎರಡನೆಯದು.

ಇಂಜೆಕ್ಷನ್‌ನಿಂದಲೇ ಶುರುಮಾಡೋಣ. ತಿಂಗಳಿಗೊಮ್ಮೆ, ಅಥವಾ ಎರಡು-ಮೂರು ವಾರಕ್ಕೊಮ್ಮೆ ಹಾಕುವ ಈ ಮದ್ದುಗಳಲ್ಲಿ ಫ್ಲುಫೆನಜಿನ್ ಡೆಕನೋಯೇಟ್ ಎಂಬುದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿರುತ್ತಾರೆ. ಎಣ್ಣೆಯಾದ್ದರಿಂದ ಮಾಂಸಖಂಡದಲ್ಲಿ ಉಳಿದು, ದಿನವೂ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಸಿಸ್ಟರ್ ಚರ್ಮವನ್ನು ಒಂದು ಪಕ್ಕಕ್ಕೆ ಎಳೆದು ಹಿಡಿದು ಸೂಜಿ ಹಾಕುವುದನ್ನು, ಮದ್ದು ಹೋದ ಮೇಲೂ ಕೆಲವು ಕ್ಷಣ ಸೂಜಿ ತೆಗೆಯದೆ ಕಾಯುವುದನ್ನು ತಾವು ಗಮನಿಸಿರಬಹುದು. ಆಮೇಲೆ ಚರ್ಮ ಬಿಟ್ಟಾಗ ಸೂಜಿಯ ದಾರಿ ಮುಚ್ಚಿಕೊಂಡು ಎಣ್ಣೆ ಹೊರಗೆ ಬರುವುದಿಲ್ಲ. ಆ ಜಾಗವನ್ನು ತಿಕ್ಕಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಇನ್ನು ನಡೆಸಿ ನೋಡುವ ವಿಚಾರ. ಈ ಮದ್ದಿನಿಂದ ಕೆಲವರ ಕೈಕಾಲು ಬಿಗಿಯುತ್ತದೆ, ಕೈ ನಡುಗುತ್ತದೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತುತ್ತದೆ. ನಡೆಯುವಾಗ ತೋಳುಗಳು ಸಹಜವಾಗಿ ಬೀಸುತ್ತಿವೆಯೇ, ಮಣಿಕಟ್ಟು ಸಲೀಸಾಗಿ ತಿರುಗುತ್ತದೆಯೇ ಎಂದು ಸಿಸ್ಟರ್ ನೋಡುವುದು ಅದಕ್ಕಾಗಿ. ಇದು ಹೇಳಲೇಬೇಕಾದ ಮಾತು: ಎಷ್ಟೋ ಮನೆಗಳಲ್ಲಿ ಈ ಬಿಗಿತ ಕಂಡು ‘ಸೂಜಿ ಹಾಕಿಸಿದ ಮೇಲೆ ಕಾಯಿಲೆ ಹೆಚ್ಚಾಯಿತು’ ಎಂದು ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಹೆಚ್ಚಿನವರಿಗೆ ಮದ್ದಿನ ಪ್ರಮಾಣ ಬದಲಿಸಿ ಅಥವಾ ಜೊತೆಗೊಂದು ಮಾತ್ರೆ ಕೊಟ್ಟು ಇದನ್ನು ಹತೋಟಿಗೆ ತರಬಹುದು. ಅದನ್ನು ವೈದ್ಯರಿಗಿಂತ ಮೊದಲು ಕಾಣುವ ಕಣ್ಣು ಬಹಳ ಸಲ ಸಿಸ್ಟರದ್ದೇ.

ಮಾತೂ ಕಾಲಹರಣವಲ್ಲ. ‘ನಿದ್ದೆ ಎಷ್ಟು ಹೊತ್ತು? ಊಟಕ್ಕೆ ಎಲ್ಲರ ಜೊತೆ ಕೂರುತ್ತಾರಾ? ಒಬ್ಬರೇ ಇದ್ದಾಗ ಯಾರೊಡನೆಯೋ ಮಾತಾಡುತ್ತಾರಾ?’ ಎಂದು ಸುಮ್ಮನೆ ಕೇಳಿದಂತೆ ಕೇಳುವ ಪ್ರಶ್ನೆಗಳಲ್ಲೇ ಪರೀಕ್ಷೆ ಇರುತ್ತದೆ. ಕಾಯಿಲೆ ಮರುಕಳಿಸುವಾಗ ಮೊದಲು ಕೆಡುವುದು ಸಾಮಾನ್ಯವಾಗಿ ನಿದ್ದೆ. ತಾಂಡಾಗಳಲ್ಲಿ ಇನ್ನೊಂದು ತೊಡಕಿದೆ. ವಯಸ್ಸಾದ ಹೆಂಗಸರಿಗೆ ಮನಸ್ಸಿನ ಮಾತು ಬರುವುದು ಲಂಬಾಣಿಯಲ್ಲಿ, ಸಿಸ್ಟರಿಗೆ ಬರುವುದು ಕನ್ನಡ. ನಡುವೆ ಮಗನೋ ಸೊಸೆಯೋ ಮಾತು ದಾಟಿಸುವಾಗ ಮನೆಯವರ ಮರ್ಯಾದೆಗೆ ಕುಂದೆನಿಸುವ ಸಂಗತಿ ಬಿಟ್ಟುಹೋಗುತ್ತದೆ. ತಾಂಡಾದವರೇ ಆದ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಒಳ್ಳೆಯದು.

ಇಲ್ಲೊಂದು ಗೊಂದಲ ಸಹಜ. ‘ನಮ್ಮಲ್ಲಿ ಮೈಮೇಲೆ ದೇವರು ಬರುತ್ತದೆ, ಅದನ್ನೂ ಕಾಯಿಲೆ ಎನ್ನುತ್ತಾರೆಯೇ?’ ಇಲ್ಲ. ಪೂಜೆಯ ಹೊತ್ತಿಗೆ, ಎಲ್ಲರೂ ಒಪ್ಪಿದ ರೀತಿಯಲ್ಲಿ ಬಂದು, ಸ್ವಲ್ಪ ಹೊತ್ತಿಗೆ ಇಳಿದು, ಮರುದಿನ ಮನುಷ್ಯ ಎಂದಿನಂತೆ ಹೊಲಕ್ಕೆ ಹೋದರೆ ಅದನ್ನು ಯಾರೂ ರೋಗ ಎನ್ನುವುದಿಲ್ಲ. ವಾರಗಟ್ಟಲೆ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟು, ಇಲ್ಲದ ದನಿ ಕೇಳಿ, ತನಗೋ ಇತರರಿಗೋ ಅಪಾಯವಾಗುವಂತಿದ್ದರೆ ವೈದ್ಯರಿಗೆ ತೋರಿಸಬೇಕು. ತಾಂಡಾದ ಪೂಜಾರಿಗಳಾದ ಭಗತರ ಹತ್ತಿರ ಹೋಗಬೇಡಿ ಎಂದು ಒಳ್ಳೆಯ ಸಿಸ್ಟರ್ ಹೇಳುವುದಿಲ್ಲ, ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ ಎನ್ನುತ್ತಾರೆ. ಆದರೆ ರೋಗಿಗೆ ಸರಪಳಿ ಹಾಕುವುದಕ್ಕೆ ಯಾವ ರಿಯಾಯಿತಿಯೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನು ಎಲ್ಲ ರೂಪದಲ್ಲೂ ನಿಷೇಧಿಸಿದೆ.

ಈಗ ಎರಡನೆಯ ಸಂದೇಹ. ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯ. ಕಬ್ಬಿನ ಗದ್ದೆಗೋ, ಕಾಫಿ ತೋಟಕ್ಕೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟಾಗ ಚಿಕಿತ್ಸೆ ಕಡಿಯುತ್ತದೆ. ಮಾತ್ರೆ ಮುಗಿಯುತ್ತದೆ, ಹೊಸ ಊರಿನ ಆಸ್ಪತ್ರೆಯಲ್ಲಿ ಚೀಟಿ ಇರುವುದಿಲ್ಲ, ಮೇಸ್ತ್ರಿಯ ಹತ್ತಿರ ಹೇಳಿಕೊಳ್ಳಲು ಸಂಕೋಚ. ಹೊರಡುವ ಹದಿನೈದು ದಿನ ಮೊದಲೇ ಸಿಸ್ಟರಿಗೆ ತಿಳಿಸಿ. ಯಾವ ಮದ್ದು, ಎಷ್ಟು, ಮುಂದಿನ ಇಂಜೆಕ್ಷನ್ ಯಾವ ತಾರೀಖು ಎಂದು ಬರೆಸಿಕೊಂಡು, ಆ ಚೀಟಿಯ ಫೋಟೊವನ್ನು ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೋಗುವ ಊರಿನ ಹೆಸರು ಹೇಳಿದರೆ ಅಲ್ಲಿ ಎಲ್ಲಿಗೆ ಹೋಗಬೇಕೆಂದು ಅವರು ವಿಚಾರಿಸಿ ತಿಳಿಸಬಲ್ಲರು.

ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಹೆಚ್ಚಿನ ಎಚ್ಚರ ಬೇಕು. ಬಿಸಿಲಲ್ಲಿ ದುಡಿದು ಬೆವರು ಹರಿದು, ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಮಟ್ಟ ಏರಿ ವಿಷವಾಗಬಹುದು. ವಾಂತಿ, ಭೇದಿ, ಜೋರು ನಡುಕ, ನಾಲಿಗೆ ತೊದಲುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಫೆಬ್ರವರಿಯಲ್ಲಿ ಲಂಬಾಣಿಗರ ಸಂತ ಸೇವಾಲಾಲರ ಮಾಲೆ ಧರಿಸಿ ಪಾದಯಾತ್ರೆ ಹೊರಡುವವರಿಗೂ, ಉಪವಾಸ ಹಿಡಿಯುವವರಿಗೂ ಇದೇ ಮಾತು. ಮಾಲೆ ಹಾಕುವ ಮೊದಲು ವೈದ್ಯರನ್ನು ಕೇಳಿ. ವ್ರತಕ್ಕೆಂದು ಮದ್ದು ಬಿಡುವ ಅಗತ್ಯವಿಲ್ಲ.

ಊರ ಹತ್ತಿರವೇ ಸಿಗುವ ಈ ಶುಶ್ರೂಷೆ ನಮ್ಮ ನಾಡಿಗೆ ಹೊಸದಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯಿಂದ ಹೊರಗೇ ಇದ್ದರು. ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುತ್ತಾರೆ. ತಮ್ಮ ಕಡೆ ಯಾವ ಮಂಗಳವಾರ, ಯಾವ ಆಸ್ಪತ್ರೆ ಎಂಬುದನ್ನು ಆಶಾ ಅವರಲ್ಲಿ ಕೇಳಿ ತಿಳಿಯಿರಿ. ಗದ್ದೆಯ ಗುಡಿಸಲಲ್ಲಿದ್ದಾಗ ರಾತ್ರಿ ಏನಾದರೂ ಏರುಪೇರಾದರೆ 14416ಕ್ಕೆ ಕರೆಮಾಡಬಹುದು. ಟೆಲಿ ಮನಸ್ ಎಂಬ ಈ ಸಹಾಯವಾಣಿ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.