ಕಾರಿನ ವಿಮೆ: ದುಡ್ಡು ಕಟ್ಟುವ ಮೊದಲು ಕಾಗದ ಓದೋಣ

ಬ್ಯಾಡಗಿ–ರಾಣೆಬೆನ್ನೂರು ಕಡೆ ಕಾರು ಈಗ ಶೋಕಿಯ ವಸ್ತುವಲ್ಲ. ದವಾಖಾನೆಗೆ, ಬೀಜದ ಕಂಪನಿಗೆ, ಸೋಮವಾರ–ಗುರುವಾರದ ಮೆಣಸಿನಕಾಯಿ ಪೇಟೆಗೆ ಎಲ್ಲಕ್ಕೂ ಅದೇ. ಗೋವಿನಜೋಳದ ಹಣ ನಂಬಿ ಹಳೆಯದೊಂದನ್ನು ಕೊಂಡವರೇ ಹೆಚ್ಚು. ಕೊಳ್ಳುವುದು ದಸರಾ, ದೀಪಾವಳಿ ಹೊತ್ತಿಗೆ. ಹಾಗಾಗಿ ವಿಮೆ ನವೀಕರಣವೂ ಪ್ರತಿ ವರ್ಷ ಅದೇ ಹೊತ್ತಿಗೆ ಬರುತ್ತದೆ. ಮೆಣಸಿನಕಾಯಿ ಇನ್ನೂ ಗಿಡದಲ್ಲಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಆಗ ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ. ಏಜೆಂಟ ಹೇಳಿದಷ್ಟನ್ನು ಬೈಕೊಂತ ಕಟ್ಟುತ್ತಾರೆ, ಇಲ್ಲವೇ "ಬರೀ ಥರ್ಡ್ ಪಾರ್ಟಿ ಹಾಕ್ರಿ, ಪೊಲೀಸರು ಕೇಳಿದ್ರ ತೋರಿಸಾಕ ಸಾಕು" ಎನ್ನುತ್ತಾರೆ. ಎರಡೂ ದುಬಾರಿ. ಎರಡನೆಯದಂತೂ ಕೆಲವೊಮ್ಮೆ ಹೊಲದಷ್ಟೇ ದುಬಾರಿ.

ಬ್ಯಾಡಗಿ ತಾಲ್ಲೂಕಿನ ನಮ್ಮ ಬೀಗರೊಬ್ಬರು ಕಳೆದ ಸಲ ನೋಟೀಸು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು. "ಬೀಗರ, ಮೂರು ವರ್ಷದಾಗ ಒಂದೂ ಕ್ಲೇಮ್ ಮಾಡಿಲ್ಲ. ಆದ್ರೂ ಮೂರು ಸಾವಿರದ ಏಳುನೂರು ಏರೈತ್ರಿ. ಇದ್ಯಾವ ನ್ಯಾಯ?" ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದೆವು. ಆ ಲೆಕ್ಕ ಎಲ್ಲರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇನೆ. ಅಂಕಿಗಳನ್ನು ಓದಲು ಅನುಕೂಲವಾಗುವಂತೆ ಸ್ವಲ್ಪ ಸರಿಹೊಂದಿಸಿದ್ದೇನೆ.

ಏರಿದ್ದು ಎಲ್ಲಿ?

ಕಾರು 1,197 ಸಿಸಿಯದು. ಹೊಸದಾಗಿ ಕೊಂಡು ಮೂರು ವರ್ಷ ತುಂಬಿತ್ತು. ಹೋದ ವರ್ಷದ ಕಾಗದದಲ್ಲಿ ಇದ್ದದ್ದು ಇಷ್ಟು: ಸ್ವಂತ ಹಾನಿಯ ಕಂತು (ಏಜೆಂಟರು 'ಓಡಿ' ಎನ್ನುವುದು) 7,800, ಅದರಲ್ಲಿ ನೋ ಕ್ಲೇಮ್ ಬೋನಸ್ ಶೇ. 25 ಕಳೆದು 5,850. ಜೀರೊ ಡೆಪ್ ಎಂಬ ಹೆಚ್ಚುವರಿ ರಕ್ಷಣೆಗೆ 1,900. ಮಾಲೀಕ–ಚಾಲಕನ ಅಪಘಾತ ವಿಮೆ 330. ಒಟ್ಟು 8,080ಕ್ಕೆ ಶೇ. 18 ಜಿಎಸ್‌ಟಿ ಸೇರಿ 9,534 ರೂಪಾಯಿ.

ಈ ವರ್ಷದ್ದರಲ್ಲಿ ಸ್ವಂತ ಹಾನಿಯ ಕಂತು 7,200ಕ್ಕೆ ಇಳಿದಿತ್ತು. ಬೋನಸ್ಸು ಶೇ. 35ಕ್ಕೆ ಏರಿ ನಿವ್ವಳ 4,680. ಅಂದರೆ ಇಲ್ಲಿ ಕಡಿಮೆಯೇ ಆಗಿದೆ! ಆದರೆ ಕೆಳಗೆ ಥರ್ಡ್ ಪಾರ್ಟಿ 3,416 ಎಂದು ಹೊಸ ಸಾಲು. ಜೊತೆಗೆ ಕೇಳದೆಯೇ ಸೇರಿದ ಎರಡು: ಎಂಜಿನ್ ರಕ್ಷಣೆ 700, ದಾರಿಯಲ್ಲಿ ಕೆಟ್ಟರೆ ನೆರವು 250. ಜೀರೊ ಡೆಪ್, ಅಪಘಾತ ವಿಮೆ ಮೊದಲಿನಂತೆ. ಒಟ್ಟು 11,276, ಜಿಎಸ್‌ಟಿ ಸೇರಿ 13,306.

ಥರ್ಡ್ ಪಾರ್ಟಿ ಹೊಸದಾಗಿ ಬಂದದ್ದೇಕೆ? ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿಯನ್ನು ಕೊಳ್ಳುವಾಗಲೇ ಒಟ್ಟಿಗೆ ಕಟ್ಟಬೇಕು. ಶೋರೂಮಿನಲ್ಲಿ 'ಆನ್ ರೋಡ್' ಬೆಲೆಯೊಳಗೆ ಅದು ಮುಚ್ಚಿಹೋಗಿರುತ್ತದೆ. ಆಮೇಲೆ ಎರಡು ವರ್ಷ ಬರೀ ಸ್ವಂತ ಹಾನಿಯದ್ದು ಕಟ್ಟಿದ್ದು ನಮಗೆ ರೂಢಿಯಾಗುತ್ತದೆ. ನಾಲ್ಕನೇ ವರ್ಷಕ್ಕೆ ಕಾಲಿಟ್ಟಾಗ ಥರ್ಡ್ ಪಾರ್ಟಿ ಮತ್ತೆ ಹಾಜರ್. ತೆರಿಗೆ ಸೇರಿ ಅದೊಂದೇ 4,031 ರೂ. ಬೀಗರ ಸಿಟ್ಟಿನ ಮೂಲ ಇದೇ. ಬೈಯ್ಯಬೇಕಾದದ್ದು ಕೇಳದೆ ತುರುಕಿದ 950 ರೂಪಾಯಿಗೆ, ಮಿಕ್ಕದ್ದಕ್ಕಲ್ಲ.

ಚೌಕಾಸಿ ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ

ಥರ್ಡ್ ಪಾರ್ಟಿ ದರವನ್ನು ಕಂಪನಿ ಇಡುವುದಿಲ್ಲ, ಸರ್ಕಾರ ಇಡುತ್ತದೆ. ಎಲ್ಲ ಕಂಪನಿಗೂ ಒಂದೇ. 1,000ದಿಂದ 1,500 ಸಿಸಿ ಕಾರಿಗೆ 2018ರಲ್ಲಿ 2,863 ಇತ್ತು, 2019ರಲ್ಲಿ 3,221 ಆಯಿತು, 2022ರ ಜೂನ್ 1ರಿಂದ 3,416. ಅದೇ ಆದೇಶದಲ್ಲಿ 1,000 ಸಿಸಿ ಒಳಗಿನ ಕಾರಿಗೆ 2,094, 1,500 ಸಿಸಿ ಮೇಲ್ಪಟ್ಟದ್ದಕ್ಕೆ 7,897. ಹಳೆಯ ದೊಡ್ಡ ಡೀಸೆಲ್ ಜೀಪು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಈ ಕೊನೆಯ ಅಂಕಿಯನ್ನು ಮೊದಲೇ ನೋಡಿಕೊಳ್ಳಿ. "ಥರ್ಡ್ ಪಾರ್ಟಿಯಲ್ಲಿ ಡಿಸ್ಕೌಂಟ್ ಕೊಡಿಸ್ತೀನಿ" ಎಂದು ಯಾರಾದರೂ ಹೇಳಿದರೆ ಅವರಿಂದ ದೂರ ಇರಿ. ನಕಲಿ ಪಾಲಿಸಿ ಕೊಡುವವರ ಮಾತು ಹೀಗೇ ಇರುತ್ತದೆ.

ಚೌಕಾಸಿ ಇರುವುದು ಸ್ವಂತ ಹಾನಿಯ ಭಾಗದಲ್ಲಿ. 2007ರ ಜನವರಿಯಿಂದ ಈ ದರವನ್ನು ಕಂಪನಿಗಳಿಗೇ ಬಿಟ್ಟಿದ್ದಾರೆ. ಅದೇ ಕಾರು, ಅದೇ ಬೋನಸ್ಸು ಇದ್ದರೂ ಒಂದೊಂದು ಕಂಪನಿಯಲ್ಲಿ ಒಂದೊಂದು ಅಂಕಿ. ಮೂರು ಕಡೆ ಕೇಳಿ, ಕಾಗದದ ಮೇಲೆ ತರಿಸಿಕೊಳ್ಳಿ. ಮೆಣಸಿನಕಾಯಿಗೆ ಮೂರು ಅಂಗಡಿಯ ಟೆಂಡರ್ ನೋಡುವ ನಾವು ಇದಕ್ಕೆ ಒಬ್ಬನೇ ಏಜೆಂಟನ ಬಾಯಿಮಾತು ನಂಬುವುದು ವಿಚಿತ್ರ.

ಆದರೆ ಹೋಲಿಸುವಾಗ ಐಡಿವಿ ಒಂದೇ ಇದೆಯೇ ಎಂದು ನೋಡಬೇಕು. ಐಡಿವಿ ಅಂದರೆ ಕಾರು ಕಳುವಾದರೆ ಅಥವಾ ಸುಟ್ಟು ಕರಕಲಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಹೊಸ ಬೆಲೆಯಲ್ಲಿ ಸವಕಳಿ ಕಳೆದು ಇದನ್ನು ಕಟ್ಟುತ್ತಾರೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಮೂರರವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50. ಆ ಮೇಲೆ ನಮ್ಮ–ಅವರ ಒಪ್ಪಿಗೆಯಂತೆ. ಬೀಗರ ಕಾರಿನ ಐಡಿವಿ ಸುಮಾರು 4 ಲಕ್ಷ. ಒಬ್ಬ ಏಜೆಂಟ "1,100 ರೂಪಾಯಿ ಕಡಿಮಿ ಮಾಡಿಕೊಡ್ತೇನಿ" ಎಂದಿದ್ದ. ನೋಡಿದರೆ ಐಡಿವಿಯನ್ನು 3 ಲಕ್ಷ 20 ಸಾವಿರಕ್ಕೆ ಇಳಿಸಿದ್ದ. 1,100 ಉಳಿಸಲು 80 ಸಾವಿರ ಬಿಟ್ಟುಕೊಟ್ಟಂತೆ.

ಬೋನಸ್ಸೇ ನಮ್ಮ ಉಳಿತಾಯ

ಕ್ಲೇಮ್ ಮಾಡದಿದ್ದರೆ ಮೊದಲ ನವೀಕರಣಕ್ಕೆ ಶೇ. 20, ಆಮೇಲೆ 25, 35, 45, ಕೊನೆಗೆ 50. ಇದು ಸ್ವಂತ ಹಾನಿಯ ಕಂತಿನ ಮೇಲೆ ಮಾತ್ರ. ಪಾಲಿಸಿ ಮುಗಿದು 90 ದಿನ ದಾಟಿದರೆ ಅಷ್ಟೂ ಬೋನಸ್ಸು ಹೋಗುತ್ತದೆ. ಅಕ್ಟೋಬರಿನಲ್ಲಿ ಮುಗಿದದ್ದನ್ನು "ಮೆಣಸಿನಕಾಯಿ ಮಾರಿ ಕಟ್ಟಿದ್ರಾತು" ಎಂದು ಫೆಬ್ರುವರಿಗೆ ತಳ್ಳುವವರು ಇದನ್ನು ಗಮನಿಸಬೇಕು. ಆ 90 ದಿನ ಬೋನಸ್ಸಿಗೆ ಮಾತ್ರ, ರಕ್ಷಣೆಗೆ ಅಲ್ಲ. ಪಾಲಿಸಿ ಮುಗಿದ ರಾತ್ರಿ 12ರ ಮೇಲೆ ರಸ್ತೆಗಿಳಿದರೆ ವಿಮೆ ಇಲ್ಲದ ಗಾಡಿಯೇ. ಮೊದಲ ಸಲ ಸಿಕ್ಕಿಬಿದ್ದರೆ 2,000 ರೂ. ದಂಡ, ಎರಡನೇ ಸಲ 4,000. ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶ ಇದೆ.

ಸಣ್ಣ ತರಚಿಗೆ ಕ್ಲೇಮ್ ಹಾಕುವ ಮೊದಲು ಲೆಕ್ಕ ಮಾಡಿ. ಮುಂದಿನ ಬಂಪರ್ ಒಡೆದು 4,000 ರೂ. ಖರ್ಚು ಬಂತೆನ್ನಿ. 1,500 ಸಿಸಿವರೆಗಿನ ಕಾರಿಗೆ ಮೊದಲ 1,000 ನಾವೇ ಭರಿಸಬೇಕು. ಪ್ಲಾಸ್ಟಿಕ್ಕಿಗೆ ಶೇ. 50 ಸವಕಳಿ. ಜೀರೊ ಡೆಪ್ ಇಲ್ಲದಿದ್ದರೆ ಕೈಗೆ ಬರುವುದು 1,000. ಇದ್ದರೆ 3,000. ಆದರೆ ಮುಂದಿನ ವರ್ಷ ಸಿಗಬೇಕಿದ್ದ ಶೇ. 45 ಬೋನಸ್ಸು, 7,200ರ ಲೆಕ್ಕದಲ್ಲಿ 3,240 ರೂಪಾಯಿ, ಹೋಯಿತು. ಅದರ ಮರುವರ್ಷ ಮತ್ತೆ ಶೇ. 20ರಿಂದ ಶುರು. ರಾಣೆಬೆನ್ನೂರಿನ ಗ್ಯಾರೇಜಿನವರು "ಇನ್ಶೂರೆನ್ಸ್ ಐತೇನ್ರಿ?" ಎಂದು ಮೊದಲು ಕೇಳುವುದು ಅವರ ಅನುಕೂಲಕ್ಕೆ. ಗ್ಲಾಸಿಗೆ ಮಾತ್ರ ಸವಕಳಿ ಇಲ್ಲ, ನೆನಪಿರಲಿ.

ಬೋನಸ್ಸು ಕಾರಿನದ್ದಲ್ಲ, ಮಾಲೀಕನದ್ದು. ಹಳೆಯದನ್ನು ಮಾರುವಾಗ ಕಂಪನಿಯಿಂದ ಬೋನಸ್ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಕಾರಿಗೆ ಹಾಕಿಸಬಹುದು. ಹಳೆಯದನ್ನು ಕೊಳ್ಳುವವರಿಗೆ ಇದರ ಇನ್ನೊಂದು ಮುಖ: ಮೊದಲಿನವನ ಬೋನಸ್ಸು ನಿಮಗಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಹಾನಿಯ ಕ್ಲೇಮಿಗೂ ತೊಂದರೆ.

ಯಾವುದು ಬೇಕು, ಯಾವುದು ಬೇಡ

ಎಂಜಿನ್ ರಕ್ಷಣೆ ಎಲ್ಲರಿಗೂ ಬೇಕಿಲ್ಲ. ವರದಾ, ತುಂಗಭದ್ರಾ ದಂಡೆಯ ಊರಿನವರು 2019ರ ಆಗಸ್ಟ್ ಪ್ರವಾಹ ನೋಡಿದವರು, ಹಾಕಿಸಲಿ. ನೀರು ಹೊಕ್ಕ ಎಂಜಿನ್ ಸ್ಟಾರ್ಟ್ ಮಾಡಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ. ಬ್ಯಾಡಗಿಯ ಎರೆಹೊಲದ ಊರಿನವರಿಗೆ ಆ 700 ದಂಡ. ಅಪಘಾತ ವಿಮೆಯ 330ನ್ನು ಟ್ರ್ಯಾಕ್ಟರಿಗೆ, ಕಾರಿಗೆ, ಬೈಕಿಗೆ ಪ್ರತ್ಯೇಕ ಕಟ್ಟುತ್ತಿರುವವರು ಬಹಳ. ಇದು ಮಾಲೀಕನಿಗೆ 15 ಲಕ್ಷದ ವಿಮೆ, ಗಾಡಿಗಲ್ಲ. ಬಿಡಿಯಾಗಿ ಒಂದು ತೆಗೆದುಕೊಂಡರೆ ನಿಮ್ಮ ಹೆಸರಿನ ಎಲ್ಲ ಗಾಡಿಗೂ ಸಾಕು. ಬೀಗರಿಗೆ ಟ್ರ್ಯಾಕ್ಟರ್ ಇದ್ದುದರಿಂದ ಅದು ಆಗಲೇ ಇತ್ತು. ಮೂರೂ ತೆಗೆಸಿದಾಗ 13,306 ಇದ್ದದ್ದು 11,795ಕ್ಕೆ ಬಂತು. ಜೀರೊ ಡೆಪ್ ಮಾತ್ರ ಇಟ್ಟುಕೊಳ್ಳಿ ಎಂದೆ, ಮೂರು ವರ್ಷದ ಕಾರಿಗೆ ಅದು ಬೇಕು.

ಬರೀ ಥರ್ಡ್ ಪಾರ್ಟಿ ಹಾಕುವವರಿಗೆ

ಹತ್ತು–ಹನ್ನೆರಡು ವರ್ಷದ ಕಾರಿಗೆ ಏನೂ ಬೆಲೆ ಇಲ್ಲ, ಸ್ವಂತ ಹಾನಿಯದ್ದು ಯಾಕೆ ಎಂಬ ಪ್ರಶ್ನೆ ಸರಿಯಾದದ್ದೇ. ನಾನೂ ಹಾಗೇ ಅನ್ನುತ್ತಿದ್ದೆ, ಈ ಒಂದು ವಿಷಯ ಇರದಿದ್ದರೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಸ್ತೆಯ ಮೇಲಿನವರು ಸೇರುತ್ತಾರೆ. ಖಾಸಗಿ ಕಾರಿನೊಳಗೆ ಪುಕ್ಕಟೆ ಕುಳಿತ ನೆಂಟರು, ನೆರೆಯವರು ಸೇರುವುದಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರೂ ಸೇರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಕಾರು ತುಂಬ ಓಣಿಯ ಜನರನ್ನು ಕೂರಿಸಿಕೊಂಡು ಹೋಗುವವರು ನಾವು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಹೆದ್ದಾರಿಯಲ್ಲಿ ನಿಂತ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ 13 ಜನ ಸತ್ತರಲ್ಲ, ಅವರೂ ಸವದತ್ತಿಯಿಂದ ಮರಳುತ್ತಿದ್ದ ಭಕ್ತರೇ. ಅಂಥದ್ದು ಖಾಸಗಿ ಕಾರಿಗೆ ಆಗಿ, ತಪ್ಪು ನಮ್ಮ ಚಾಲಕನದ್ದಾಗಿ, ಒಳಗಿದ್ದವರಿಗೆ ವಿಮೆ ಇಲ್ಲದಿದ್ದರೆ ನ್ಯಾಯಾಲಯ ಹೇಳಿದ ಪರಿಹಾರ ಮಾಲೀಕನೇ ಕಟ್ಟಬೇಕು. ಹೊಲದ ಪಹಣಿ ಆಗ ಎಲ್ಲಿರುತ್ತದೆ ಯೋಚಿಸಿ. ಹಳೆಯ ಕಾರಿಗೆ ಸ್ವಂತ ಹಾನಿಯ ಕಂತು ಕಡಿಮೆಯೇ ಇರುತ್ತದೆ. ಆ ಹಣ ಉಳಿಸಬೇಡಿ ಎಂದೇ ನನ್ನ ಸಲಹೆ.

ಇನ್ನೊಂದು. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ದಂಗೆ, ಬೆಂಕಿ, ಕಳವು ಇವೆಲ್ಲ ಸ್ವಂತ ಹಾನಿಯ ಭಾಗಕ್ಕೆ ಸೇರಿದವು. ಬರೀ ಥರ್ಡ್ ಪಾರ್ಟಿ ಇದ್ದವನಿಗೆ ಸುಟ್ಟ ಗಾಡಿಯ ಒಂದು ರೂಪಾಯಿಯೂ ಬರುವುದಿಲ್ಲ.

ಬಿಳಿ ಬೋರ್ಡು, ಹಳದಿ ಬೋರ್ಡು

ಖಾಸಗಿ ಕಾರಿನ ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಬಾಡಿಗೆಗೆ ಓಡಿಸುವಂತಿಲ್ಲ, ಸ್ಯಾಂಪಲ್ಲು ಮತ್ತು ಸ್ವಂತ ಲಗೇಜು ಬಿಟ್ಟು ಸರಕು ಒಯ್ಯುವಂತಿಲ್ಲ. ಮೆಣಸಿನಕಾಯಿಯ ಮಾದರಿ ಚೀಲ ಡಿಕ್ಕಿಯಲ್ಲಿ ಇದ್ದರೆ ತಕರಾರಿಲ್ಲ. ಸೀಟು ಮಡಚಿ ಐದು ಚೀಲ ತುಂಬಿಕೊಂಡು ಹೋದಾಗ ಅಪಘಾತವಾದರೆ ಸ್ವಂತ ಹಾನಿಯ ಕ್ಲೇಮನ್ನು ತಿರಸ್ಕರಿಸಲು ಕಂಪನಿಗೆ ದಾರಿ ಸಿಕ್ಕಂತೆ. ಡೀಸೆಲ್ ಖರ್ಚು ಎಂದು ಪಕ್ಕದ ಮನೆಯವರಿಂದ ದುಡ್ಡು ತೆಗೆದುಕೊಂಡರೂ ಸರ್ವೇಯರು ಅದನ್ನೇ ಕೆದಕುತ್ತಾನೆ.

ಪಿಕಪ್ ಇಟ್ಟವರಿಗೆ ಎರಡು ಒಳ್ಳೆಯ ಸುದ್ದಿ. ಒಟ್ಟು ತೂಕ 7,500 ಕೆಜಿವರೆಗಿನ ಸರಕು ವಾಹನಕ್ಕೆ 2022ರ ಆದೇಶದಂತೆ ಥರ್ಡ್ ಪಾರ್ಟಿ 16,049. ಸರಕು ವಾಹನದ ಥರ್ಡ್ ಪಾರ್ಟಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5. ಇಷ್ಟರಿಂದಲೇ 1,123 ರೂ. ಕಡಿಮೆ. ನಿಮ್ಮ ಬಿಲ್ಲಿನಲ್ಲಿ ಶೇ. 5 ಇದೆಯೇ ನೋಡಿ, ಇಲ್ಲದಿದ್ದರೆ ತಿದ್ದಿಸಿ. ಎರಡನೆಯದು ಲೈಸೆನ್ಸಿನದ್ದು. ಎಲ್‌ಎಂವಿ ಲೈಸೆನ್ಸ್ ಇದ್ದವನು ಈ ತೂಕದವರೆಗಿನ ಹಳದಿ ಬೋರ್ಡಿನ ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. "ಬ್ಯಾಡ್ಜ್ ಇಲ್ಲ" ಎಂಬ ಒಂದೇ ಕಾರಣಕ್ಕೆ ಕ್ಲೇಮ್ ನಿರಾಕರಿಸಿದರೆ ಈ ತೀರ್ಪು ತೋರಿಸಿ. ಟ್ರ್ಯಾಕ್ಟರ್–ಟ್ರೇಲರಿನ ಕಥೆ ಬೇರೆಯೇ ಒಂದು ಲೇಖನವಾಗುತ್ತದೆ. ಸದ್ಯಕ್ಕೆ, ಟ್ರೇಲರಿಗೆ ಬೇರೆ ಕಂತು ಕಟ್ಟಿದ್ದೀರಾ ಅಷ್ಟು ನೋಡಿಕೊಳ್ಳಿ.

ತಕರಾರು ಬಂದರೆ

ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಬೇಕು, ಸ್ವೀಕೃತಿ ಇಟ್ಟುಕೊಳ್ಳಬೇಕು. ಏಜೆಂಟನ ಫೋನು ದೂರಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಫೀ ಇಲ್ಲ, ವಕೀಲರೂ ಬೇಕಿಲ್ಲ. ಪ್ರಾಧಿಕಾರದ ಸಹಾಯವಾಣಿ 155255. ದೂರಿನ ಜೊತೆ ಹೋದ ವರ್ಷದ ಪಾಲಿಸಿ, ಈ ವರ್ಷದ ಪಾಲಿಸಿ, ಆರ್‌ಸಿ, ಲೈಸೆನ್ಸು, ಕಂಪನಿಗೆ ಕೊಟ್ಟ ದೂರಿನ ಪ್ರತಿ ಇವಿಷ್ಟರ ಜೆರಾಕ್ಸ್ ಇರಲಿ.