ವಂಶದಲ್ಲಿ ಶುಗರ್ ಇದ್ದರೆ ವಸಡನ್ನೂ ನೋಡಿಸಿ

‘ನಮ್ಮ ಮನೆತನದಲ್ಲಿ ಎಲ್ಲರಿಗೂ ಹಲ್ಲು ಬೇಗ ಬೀಳುತ್ತೆ’ ಎಂದು ದಂತವೈದ್ಯರಿಗೆ ಹೇಳುತ್ತೇವೆ. ‘ಅಮ್ಮನಿಗೆ ಶುಗರ್ ಇತ್ತು’ ಎಂದು ಇನ್ನೊಬ್ಬ ವೈದ್ಯರಿಗೆ ಹೇಳುತ್ತೇವೆ. ಈ ಎರಡೂ ಮಾತನ್ನು ಇಬ್ಬರಿಗೂ ಹೇಳಬೇಕು. ಟೈಪ್ 2 ಮಧುಮೇಹ ಇರುವವರಿಗೆ ಹಲ್ಲಿನ ಬುಡದ ಮೂಳೆಯನ್ನೇ ಕರಗಿಸುವ ವಸಡಿನ ಕಾಯಿಲೆ, ಅಂದರೆ ಪೆರಿಯೊಡಾಂಟೈಟಿಸ್, ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಅಮೆರಿಕದ ಅರಿಜೋನಾದಲ್ಲಿ ಮಧುಮೇಹ ತೀರಾ ಹೆಚ್ಚಾಗಿರುವ ಪಿಮಾ ಬುಡಕಟ್ಟಿನವರಲ್ಲಿ 1990ರ ದಶಕದಲ್ಲೇ ಇದು ಸ್ಪಷ್ಟವಾಗಿ ಕಂಡಿತ್ತು. ವಸಡು ತೀವ್ರವಾಗಿ ಕೆಟ್ಟವರಲ್ಲಿ ಮುಂದೆ ಸಕ್ಕರೆ ಹತೋಟಿ ತಪ್ಪುವುದು ಹೆಚ್ಚು ಎಂಬುದೂ ಅದೇ ಸಮುದಾಯದ ಅಧ್ಯಯನದಿಂದ ತಿಳಿಯಿತು.

ಕಾರಣ ಹೀಗಿದೆ. ರಕ್ತದಲ್ಲಿ ಸಕ್ಕರೆ ಏರಿದಾಗ ವಸಡಿನ ಉರಿಯೂತ ಅತಿಯಾಗುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಊದಿಕೊಂಡ ವಸಡಿನಿಂದ ರಕ್ತ ಸೇರುವ ಉರಿಯೂತದ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಮಾಡುತ್ತವೆ.

ಜೀನ್‌ಗಳ ಪಾತ್ರವೇನು? ದೊಡ್ಡವರಲ್ಲಿ ವಸಡಿನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಭಿನ್ನವಾಗಿರಲು ಸುಮಾರು ಅರ್ಧದಷ್ಟು ಕಾರಣ ಆನುವಂಶಿಕ ಎಂದು ಅವಳಿಗಳ ಅಧ್ಯಯನ ಹೇಳಿದೆ. ಮಧುಮೇಹದ ವಿಷಯದಲ್ಲಿ ಹೆಚ್ಚು ಹೆಸರಾದ ಜೀನ್ ಟಿಸಿಎಫ್7ಎಲ್2. 2006ರಲ್ಲಿ ಐಸ್‌ಲ್ಯಾಂಡಿನಲ್ಲಿ ಮೊದಲು ಗುರುತಿಸಿದ ಇದರ ನಂಟು ಮರುವರ್ಷವೇ ಭಾರತೀಯರಲ್ಲೂ ಖಚಿತವಾಯಿತು. ಒಂಬತ್ತನೇ ವರ್ಣತಂತುವಿನ ಒಂದು ಭಾಗವಂತೂ ಕುತೂಹಲಕರ: ಎಳೆಯ ವಯಸ್ಸಿನ ತೀವ್ರ ವಸಡಿನ ಕಾಯಿಲೆಗೂ ಹೃದಯಾಘಾತಕ್ಕೂ ತಳುಕು ಹಾಕಿಕೊಂಡ ವ್ಯತ್ಯಾಸಗಳು ಅಲ್ಲಿವೆ, ಅದರ ಪಕ್ಕದಲ್ಲೇ ಮಧುಮೇಹಕ್ಕೆ ಸಂಬಂಧಿಸಿದವೂ ಇವೆ. ಆದರೂ ಇಂಥ ಒಂದೊಂದು ವ್ಯತ್ಯಾಸವೂ ಅಪಾಯವನ್ನು ಸ್ವಲ್ಪವೇ ಹೆಚ್ಚಿಸುತ್ತದೆ. ಹಾಗಾಗಿ ಇದಕ್ಕೆಂದು ದುಡ್ಡು ಸುರಿದು ಜೀನ್ ಪರೀಕ್ಷೆ ಮಾಡಿಸುವುದು ಬೇಡ. ಮನೆಯ ಹಿರಿಯರನ್ನು ಕೇಳಿದರೆ ಬೇಕಾದಷ್ಟು ತಿಳಿಯುತ್ತದೆ.

ಮೊದಲ ಹೆಜ್ಜೆ: ಬರೆದಿಡಿ

ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ ಇವರಲ್ಲಿ ಯಾರಿಗೆ ಯಾವ ವಯಸ್ಸಿಗೆ ಸಕ್ಕರೆ ಕಾಯಿಲೆ ಶುರುವಾಯಿತು, ಯಾರ ಹಲ್ಲು ಹುಳುಕಿಲ್ಲದೆ ತಾನಾಗಿ ಅಲ್ಲಾಡಿ ಬಿತ್ತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಐವತ್ತಕ್ಕೆ ಮುಂಚೆ ಬಿದ್ದಿದ್ದರೆ ಅಡಿಗೆರೆ ಎಳೆಯಿರಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ಇನ್ನೊಂದು ಮಾತು: ಮೂರು ನಾಲ್ಕು ವರ್ಷದ ಮಗುವಿನ ಅಂಗೈ, ಅಂಗಾಲು ದಪ್ಪಗಟ್ಟಿ ಹಾಲುಹಲ್ಲು ಅಲ್ಲಾಡುತ್ತಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಅದು ಪ್ಯಾಪಿಲಾನ್-ಲೆಫೆವ್ರ್ ಎಂಬ ಅಪರೂಪದ ಕಾಯಿಲೆ ಇರಬಹುದು. ಅಲ್ಲಿ ಒಂದೇ ಜೀನ್‌ನ ದೋಷ ವಸಡನ್ನು ಹಾಳುಮಾಡುತ್ತದೆ.

ಎರಡನೇ ಹೆಜ್ಜೆ: ಅಂಕ ಹಾಕಿ

ಚೆನ್ನೈನ ಮದ್ರಾಸ್ ಡಯಾಬಿಟೀಸ್ ರಿಸರ್ಚ್ ಫೌಂಡೇಶನ್ ರೂಪಿಸಿದ ಭಾರತೀಯ ಮಧುಮೇಹ ಅಪಾಯದ ಅಂಕಪಟ್ಟಿಗೆ ಅಳತೆಪಟ್ಟಿ ಒಂದಿದ್ದರೆ ಸಾಕು. ವಯಸ್ಸು 35ರಿಂದ 49 ಆದರೆ 20, ಅದಕ್ಕೂ ಮೇಲಾದರೆ 30. ಸೊಂಟದ ಸುತ್ತಳತೆ ಹೆಂಗಸರಿಗೆ 80–89, ಗಂಡಸರಿಗೆ 90–99 ಸೆಂ.ಮೀ. ಇದ್ದರೆ 10, ಅದನ್ನೂ ಮೀರಿದರೆ 20. ಮೈಮುರಿದು ದುಡಿಯುವವರಿಗೆ ಸೊನ್ನೆ, ಹಗುರ ವ್ಯಾಯಾಮದವರಿಗೆ 20, ಕುಳಿತೇ ಇರುವವರಿಗೆ 30. ಹೆತ್ತವರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ಬೇಕೇ ಬೇಕು.

38 ವರ್ಷದ, 84 ಸೆಂ.ಮೀ. ಸೊಂಟದ, ದಿನವಿಡೀ ಕುಳಿತು ಕೆಲಸ ಮಾಡುವ, ತಾಯಿಗೆ ಶುಗರ್ ಇರುವ ಹೆಣ್ಣುಮಗಳಿಗೆ 70 ಬರುತ್ತದೆ. ಅದರಲ್ಲಿ ತಾಯಿಯಿಂದ ಬಂದದ್ದು 10, ಕುರ್ಚಿಯಿಂದ ಬಂದದ್ದು 30. ವಂಶವನ್ನು ದೂರುವ ಮುನ್ನ ಈ ಲೆಕ್ಕವನ್ನು ದಯವಿಟ್ಟು ನೋಡಿ.

ಮೂರನೇ ಹೆಜ್ಜೆ: ಕನ್ನಡಿ

ಹಲ್ಲುಜ್ಜುವಾಗ ರಕ್ತ, ಬಾಯಿವಾಸನೆ, ವಸಡು ಕೆಳಗಿಳಿದು ಉದ್ದ ಕಾಣುವ ಹಲ್ಲು, ಹೊಸದಾಗಿ ಬಿದ್ದ ಸಂದು, ಇವನ್ನು ನೋಡಿಕೊಳ್ಳಿ. ಬೀಡಿ, ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲವೆಂದು ನಿಶ್ಚಿಂತರಾಗಬಾರದು. ಹೊಗೆ ಆ ರಕ್ತಸ್ರಾವವನ್ನೇ ಮರೆಮಾಡುತ್ತದೆ, ಒಳಗೆ ಮೂಳೆ ಕರಗುತ್ತಲೇ ಇರುತ್ತದೆ.

ನಾಲ್ಕನೇ ಹೆಜ್ಜೆ: ದಂತವೈದ್ಯರ ಬಳಿ

ಬರೆದ ಹಾಳೆ, ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ) ವರದಿ, ಮಾತ್ರೆಗಳ ಚೀಟಿ ಒಯ್ಯಿರಿ. ಬೆಳಗಿನ ಹೊತ್ತು ಒಳ್ಳೆಯದು. ತಿಂಡಿ ತಿಂದು, ಎಂದಿನಂತೆ ಮಾತ್ರೆ ತೆಗೆದುಕೊಂಡೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕುಸಿಯಬಹುದು. ‘ವಸಡಿನ ಆಳ ಅಳೆಯುತ್ತೀರಾ?’ ಎಂದು ಬಾಯಿಬಿಟ್ಟು ಕೇಳಿ. ಹಲ್ಲು ಮತ್ತು ವಸಡಿನ ನಡುವಿನ ಸಂದು 3 ಮಿ.ಮೀ.ವರೆಗೆ ಇದ್ದರೆ ಸರಿ. 4 ಅಥವಾ ಹೆಚ್ಚಿದ್ದರೆ ಗಮನಿಸಬೇಕು. ಎಚ್‌ಬಿಎ1ಸಿ ಮಾಡಿಸಿಯೇ ಇಲ್ಲವೆಂದರೆ ಈಗ ಮಾಡಿಸಿ: 5.7ರಿಂದ 6.4 ಮಧುಮೇಹದ ಹೊಸ್ತಿಲು, 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಖಾಸಗಿ ಕ್ಲಿನಿಕ್ ದುಬಾರಿ ಎನಿಸಿದರೆ ದಂತ ವೈದ್ಯಕೀಯ ಕಾಲೇಜುಗಳ ವಸಡು ವಿಭಾಗದಲ್ಲಿ ಕಡಿಮೆ ವೆಚ್ಚಕ್ಕೆ ಚಿಕಿತ್ಸೆ ಸಿಗುತ್ತದೆ.

‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ಮಾತು ನಮ್ಮಲ್ಲಿ ಎಷ್ಟೋ ಹಲ್ಲುಗಳನ್ನು ಬಲಿ ತೆಗೆದುಕೊಂಡಿದೆ. ಮೂಳೆ ಮೊದಲೇ ಕರಗಿದ್ದ ಹಲ್ಲನ್ನು ಗಟ್ಟಿಕಟ್ಟಿದ ಪಾಚಿ ಹಿಡಿದಿಟ್ಟಿರುತ್ತದೆ, ಅದು ಹೋದಾಗ ಇದ್ದ ಸ್ಥಿತಿ ಗೊತ್ತಾಗುತ್ತದೆ, ಅಷ್ಟೇ. ಸ್ಕೇಲಿಂಗ್ (ಈ ಪಾಚಿ ತೆಗೆಸುವುದು) ಮಾಡಿಸಿ, ಬೇರಿನವರೆಗೂ ಶುದ್ಧಿ ಬೇಕೆಂದರೆ ಅದನ್ನೂ ಮಾಡಿಸಿ.

ಐದನೇ ಹೆಜ್ಜೆ: ಮತ್ತೆ ಅಳೆಯಿರಿ

ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಹೇಳುವುದರಿಂದ ವಸಡಿನ ಚಿಕಿತ್ಸೆಯಾದ ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಮಧುಮೇಹಿಗಳಲ್ಲಿ ಈ ಚಿಕಿತ್ಸೆಯಿಂದ ಅದು ಸರಾಸರಿ 0.4 ಅಂಶದಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ಇದು ಸಣ್ಣ ಲಾಭವಲ್ಲ. ಹಾಗೆಂದು ಶುಗರ್ ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ. ವರದಿಯನ್ನು ವೈದ್ಯರಿಗೆ ತೋರಿಸಿ, ಅವರೇ ನಿರ್ಧರಿಸಲಿ. ಬರೆದಿಟ್ಟ ಹಾಳೆಯ ಒಂದು ಪ್ರತಿಯನ್ನು ನಿಮ್ಮ ಬೆಳೆದ ಮಕ್ಕಳಿಗೂ ಕೊಡಿ, ಅವರ ವಸಡನ್ನೂ ಈ ವರ್ಷವೇ ಅಳೆಸಿ.